ನಡುವಿನ ಹನ್ನೊಂದು ತಿಂಗಳು

ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಇದನ್ನು ಬರೆಯಲು ಇದರಲ್ಲಿ ಬರುವ ಹುಡುಗ, ಅವನ ಸೀನಿಯರ್ ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ.

2020ರ ಮೇ ತಿಂಗಳು. ಹುಬ್ಬಳ್ಳಿಯಲ್ಲಿ ಎಂಬಿಎ ಕೊನೆಯ ಸೆಮಿಸ್ಟರ್ ಓದುತ್ತಿದ್ದ ಹುಡುಗನೊಬ್ಬ ಆಪ್ತಸಮಾಲೋಚಕಿಯಾದ ನನಗೆ ಫೋನ್ ಮಾಡಿದ. ವಯಸ್ಸು 23. ಹಾಸ್ಟೆಲ್ ಖಾಲಿ ಮಾಡಿಸಿದ್ದರಿಂದ ಹಾವೇರಿ ಜಿಲ್ಲೆಯ ತನ್ನ ಊರಿನಲ್ಲಿದ್ದ. ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಸಿಕ್ಕರೂ ಮನೆಯವರು ಕೇಳಿಸಿಕೊಂಡಾರು ಎಂಬ ಅಳುಕು. ಹಾಗಾಗಿ ರಾತ್ರಿ ಊಟ ಮುಗಿಸಿ ಮಾಳಿಗೆ ಹತ್ತಿ ಮಾತಾಡುತ್ತಿದ್ದ.

"ನಿದ್ದಿ ಬರವಲ್ದು ಮೇಡಂ. ಬ್ಯಾರೆ ಏನಿಲ್ಲ" ಅಂದ.

'ಬೇರೆ ಏನಿಲ್ಲ' ಅಂತ ಯಾರಾದರೂ ಹೇಳಿದರೆ ನಾನು ಫೋನ್ ಇಡುವುದಿಲ್ಲ. ಏನು ಊಟ ಮಾಡಿದೆ, ಮನೆಯಲ್ಲಿ ಯಾರ್ಯಾರಿದ್ದಾರೆ, ಮಳೆ ಬಂತಾ ಅಂತ ಕೇಳುತ್ತಾ ಹೋದೆ. ಅವತ್ತು ಅಷ್ಟೇ ಆಯಿತು. ಎರಡನೇ ಸಲ ಮಾತಾಡಿದಾಗ ವಿಷಯ ಹೊರಗೆ ಬಂತು. ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಅವನಿಗೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಜೂನ್‌ನಲ್ಲಿ ಸೇರಬೇಕಿತ್ತು. ಏಪ್ರಿಲ್‌ನಲ್ಲಿ 'ಮುಂದೆ ಹಾಕಿದ್ದೇವೆ' ಅಂತ ಮೇಲ್ ಬಂತು. ಮೇ ಮೊದಲ ವಾರ ಇನ್ನೊಂದು ಮೇಲ್ ಬಂತು, ಆಫರ್ ವಾಪಸ್ ಅಂತ. ಮನೆಯಲ್ಲಿ ಎರಡನ್ನೂ ಹೇಳಿರಲಿಲ್ಲ.

"ಅವ್ವ ಓಣ್ಯಾಗಿನ ಮಂದಿಗೆಲ್ಲ ಹೇಳ್ಯಾಳ, ಮಗನಿಗೆ ಬೆಂಗಳೂರಾಗ ನೌಕರಿ ಆಗೈತಿ ಅಂತ. ಅಪ್ಪಗ ಈಗ ಹೆಂಗ ಹೇಳ್ಲಿ?"

ಅಪ್ಪನದು ಬಟ್ಟೆ ಅಂಗಡಿ. ಮಾರ್ಚ್ 22ರ ಜನತಾ ಕರ್ಫ್ಯೂ ದಿನ ಹಾಕಿದ ಬಾಗಿಲು 25ರಿಂದ ಲಾಕ್‌ಡೌನ್ ಆಗಿ ಹಾಗೇ ಉಳಿದಿತ್ತು. ಏಪ್ರಿಲ್, ಮೇ ಅಂದರೆ ಬಟ್ಟೆ ಅಂಗಡಿಗೆ ಮದುವೆ ಸೀಸನ್, ವರ್ಷದ ದುಡಿಮೆಯ ದೊಡ್ಡ ಪಾಲು. ಅದು ಪೂರ್ತಿ ಹೋಯಿತು. ಮೇಲೆ ಮಗನ ಓದಿಗೆ ತೆಗೆದ ನಾಲ್ಕು ಲಕ್ಷ ಸಾಲ.

ಅದೇ ವಾರ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಕಿರಿಯರಿಗೆ ಧೈರ್ಯ ತುಂಬಲು ಆನ್‌ಲೈನ್ ಸಭೆ ಮಾಡಿದ್ದರು. ನಾಲ್ಕು ಜನ ಸೀನಿಯರ್‌ಗಳು ಮಾತಾಡಿದರು, ಎಲ್ಲರೂ ಒಳ್ಳೆಯ ಹುದ್ದೆಯಲ್ಲಿರುವವರು. ಕಷ್ಟಕಾಲದಲ್ಲೇ ಅವಕಾಶ ಹುಟ್ಟುತ್ತದೆ, ಹೊಸ ಕೋರ್ಸ್ ಮಾಡಿ, ಧೃತಿಗೆಡಬೇಡಿ ಅಂದರು. ಅವರ ಮನಸ್ಸು ಒಳ್ಳೆಯದೇ. ಭಾನುವಾರದ ಸಮಯ ಕೊಟ್ಟು ಬಂದಿದ್ದರು. ಆದರೆ ಈ ಹುಡುಗ ವಿಡಿಯೊ ಆಫ್ ಮಾಡಿ ಕೂತಿದ್ದನಂತೆ. "ಅವ್ರೆಲ್ಲ ಹೊಳಿ ದಾಟಿದವ್ರು ಮೇಡಂ. ನಾ ಒಬ್ಬಾಂವ ಈ ದಂಡಿ ಮ್ಯಾಲ ಉಳಿದೀನಿ ಅನಿಸ್ತು. ರಾತ್ರಿ ಮಲಗಿದಾಂವ ಏಳದಿದ್ರ ಚಲೋ ಅನಸ್ತದ."

ಇಂಥ ಮಾತು ಬಂದಾಗ ಸುಮ್ನೆ ದಾಟಿಹೋಗಬಾರದು. ನೇರವಾಗಿ ಕೇಳಿದೆ: "ಸಾಯಬೇಕು ಅನ್ನಿಸಿದೆಯಾ? ಹೇಗೆ ಅಂತ ಯೋಚನೆ ಮಾಡಿದ್ದೀಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದೀತು ಅಂತ ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದಾಗ ಹೆಚ್ಚಿನವರಿಗೆ ಎದೆ ಹಗುರಾಗುತ್ತದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೇಗೆ ಅಂತ ಯೋಚಿಸಿಲ್ಲ, ಸಾಕಾಗಿದೆ ಅಷ್ಟೇ ಅಂದ. ಆದರೂ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲೇಬೇಕು ಅಂದೆ. ಅಕ್ಕನನ್ನು ಆರಿಸಿಕೊಂಡ. ಅವತ್ತೇ ರಾತ್ರಿ ಅಕ್ಕನ ಜೊತೆ ನಾನೂ ಮಾತಾಡಿದೆ. ಆಗ ನಿಮ್ಹಾನ್ಸ್‌ನವರು ಶುರು ಮಾಡಿದ್ದ ಸಹಾಯವಾಣಿಯ ನಂಬರ್ ಇಬ್ಬರಿಗೂ ಬರೆಸಿದೆ. ಈಗ ಇಂಥ ಹೊತ್ತಿಗೆ 14416, ಟೆಲಿ ಮಾನಸ್ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಆಮೇಲೆ ನಾನು ಆ ಹಳೆಯ ವಿದ್ಯಾರ್ಥಿಗಳ ಸಂಘದವರಿಗೆ ಫೋನ್ ಮಾಡಿದೆ. ಹುಡುಗನ ಸುದ್ದಿ ಎತ್ತಲಿಲ್ಲ. 2009ರಲ್ಲಿ ಪಾಸಾಗಿ ಕೈಗೆ ಬಂದ ಕೆಲಸ ಕಳೆದುಕೊಂಡವರು ಯಾರಾದರೂ ಇದ್ದಾರಾ ಅಂತ ಮಾತ್ರ ಕೇಳಿದೆ. 2008ರ ಸೆಪ್ಟೆಂಬರ್ 15ಕ್ಕೆ ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕ್ ದಿವಾಳಿ ಆಯಿತು. 2009ರ ಜನವರಿ 7ಕ್ಕೆ ಸತ್ಯಂ ಎಂಬ ಐಟಿ ಕಂಪನಿಯ ಲೆಕ್ಕದ ಮೋಸ ಬಯಲಾಯಿತು. ಕೆಲಸಗಳು ಕಡಿಮೆಯಾಗಿ ಆ ವರ್ಷ ಎಂಬಿಎ ಮುಗಿಸಿದ ಮಕ್ಕಳೂ ಇದೇ ಏಟು ತಿಂದಿದ್ದರು. ಒಬ್ಬರು ಸಿಕ್ಕರು. ಸಭೆಯಲ್ಲಿ ಇದ್ದರೂ ಮಾತಾಡಿರಲಿಲ್ಲ. "ನಾನೇನು ದೊಡ್ಡ ಪೋಸ್ಟ್‌ನಾಗಿಲ್ಲ ಮೇಡಂ. ಒಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿ ಲೆಕ್ಕ ನೋಡ್ಕೋತೀನಿ. ನಾ ಏನು ಹೇಳ್ಲಿ ಹುಡುಗರಿಗೆ?"

ಬುದ್ಧಿಮಾತು ಬೇಡ ಅಂದೆ. ಆಫರ್ ಹೋದ ದಿನದಿಂದ ಮೊದಲ ಸಂಬಳದ ದಿನದವರೆಗೆ ಏನೇನಾಯಿತೋ ಅಷ್ಟು ಹೇಳಿ. ಮನೆಯಲ್ಲಿ ಏನು ಹೇಳಿದಿರಿ, ಖರ್ಚಿಗೆ ಏನು ಮಾಡಿದಿರಿ, ಯಾರಿಗೆ ಮುಖ ತಪ್ಪಿಸಿದಿರಿ, ಅದನ್ನು.

ಹುಡುಗನ ಒಪ್ಪಿಗೆ ಪಡೆದು ಇಬ್ಬರನ್ನೂ ಮಾತಿಗೆ ಕೂಡಿಸಿದೆ. ಮೊದಲ ಹತ್ತು ನಿಮಿಷ ನಾನೂ ಇದ್ದೆ. ಸೀನಿಯರ್ ಹೇಳಿದ್ದು ಹನ್ನೊಂದು ತಿಂಗಳ ಕಥೆ. 2009ರ ಫೆಬ್ರುವರಿಯಲ್ಲಿ ಆಫರ್ ಹೋಯಿತು. ಓದು ಮುಗಿದ ಮೇಲೆ ಕೆಲಸಕ್ಕೆ ಹೋಗುತ್ತೇನೆ ಅಂತ ಸುಳ್ಳು ಹೇಳಿ, ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋಗಿ ಹುಬ್ಬಳ್ಳಿಯ ಇಂದಿರಾ ಗಾಜಿನಮನೆ ತೋಟದಲ್ಲಿ ಕೂರುತ್ತಿದ್ದರು. ಆಹೇರಿ ಮಾಡಲು ದುಡ್ಡಿಲ್ಲ ಅಂತ ಹತ್ತಿರದ ಗೆಳೆಯನ ಮದುವೆಗೇ ಹೋಗಲಿಲ್ಲ. ಆಮೇಲೆ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸ. ಎಂಬಿಎ ಆಗಿದೆ ಅಂತ ಅಲ್ಲಿ ಹೇಳಿಕೊಳ್ಳಲಿಲ್ಲ. 2010ರ ಜನವರಿಯಲ್ಲಿ ಫ್ಯಾಕ್ಟರಿ ಸೇರಿದರು.

"ಅಣ್ಣಾ, ಅಪ್ಪಗ ಹೆಂಗ ಹೇಳಿದ್ರಿ?" ಅಂತ ಹುಡುಗ ಕೇಳಿದ.

"ಹೇಳ್ಲಿಲ್ಲೋ ತಮ್ಮಾ. ಮಂದಿ ಬಾಯಿಂದ ಅವ್ರಿಗೆ ಗೊತ್ತಾತು. ಅವತ್ತಿನ ಅವ್ರ ಮುಖ ಇನ್ನೂ ಕಣ್ಮುಂದ ಐತಿ. ನೀ ಹೇಳಿಬಿಡು."

ಎರಡು ದಿನ ಬಿಟ್ಟು ಹೇಳಿದ. ಅಕ್ಕ ಪಕ್ಕದಲ್ಲಿದ್ದಳು. ಅಪ್ಪ ಬಹಳ ಹೊತ್ತು ಸುಮ್ಮನಿದ್ದರಂತೆ. ಆಮೇಲೆ, "ಅಂಗಡಿ ಸಾಲದ ಕಂತು ನಾನೂ ಎರಡು ತಿಂಗಳಿಂದ ಕಟ್ಟಿಲ್ಲ. ನಿನಗ ಹೇಳಿದ್ದಿಲ್ಲ" ಅಂದರಂತೆ. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರಿಂದ ಒಬ್ಬರು ಮುಚ್ಚಿಟ್ಟು ನಿದ್ದೆ ಕೆಡಿಸಿಕೊಂಡಿದ್ದರು. ಇದನ್ನು ಕೇಳಿ ನನ್ನ ಕಣ್ಣೂ ಒದ್ದೆಯಾಯಿತು.

ಇಬ್ಬರೂ ಸೇರಿ ಕಾಗದಪತ್ರ ತೆಗೆದು ನೋಡಿ ಅಂದೆ. ಸಾಲದ ಭಯ ಕತ್ತಲಲ್ಲಿ ಜಾಸ್ತಿ ಬೆಳೆಯುತ್ತದೆ. ಹುಡುಗ ತನ್ನ ಸಾಲದ ಮಂಜೂರಾತಿ ಪತ್ರವನ್ನೇ ಓದಿರಲಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಶುರುವಾಗುವುದಿಲ್ಲ ಅಂತ ಅದರಲ್ಲಿತ್ತು. ಜೂನ್‌ನಿಂದಲೇ ಕಟ್ಟಬೇಕು ಅಂದುಕೊಂಡು ಒದ್ದಾಡುತ್ತಿದ್ದ. ವರ್ಷಕ್ಕೆ 4.5 ಲಕ್ಷದೊಳಗೆ ಆದಾಯವಿರುವ ಮನೆಗಳಿಗೆ ಕೇಂದ್ರದ ಬಡ್ಡಿ ಸಬ್ಸಿಡಿ ಇದೆ, ನಿನಗೆ ಅನ್ವಯಿಸುತ್ತದಾ ಅಂತ ಬ್ಯಾಂಕಿನಲ್ಲಿ ಕೇಳು ಅಂದೆ. ಅಪ್ಪನ ಸಾಲದ ಕಂತಿಗೆ ರಿಸರ್ವ್ ಬ್ಯಾಂಕ್ ಮಾರ್ಚ್ 27ಕ್ಕೆ ಮೂರು ತಿಂಗಳು ಮುಂದೂಡುವ ರಿಯಾಯಿತಿ ಘೋಷಿಸಿತ್ತು, ಆಮೇಲೆ ಅದನ್ನು ಆಗಸ್ಟ್ 31ರವರೆಗೆ ಮುಂದುವರಿಸಿತು. ಬಡ್ಡಿ ಮಾತ್ರ ಏರುತ್ತಲೇ ಇರುತ್ತದೆ, ಅದನ್ನು ಮರೆಯಬೇಡಿ ಅಂತ ಎಚ್ಚರಿಸಿದೆ.

ಇನ್ನು ದಿನಚರಿ. ಏಳುವ ಹೊತ್ತು ಒಂದೇ ಇರಲಿ. ರಾತ್ರಿ ಒಂಬತ್ತರ ಮೇಲೆ ಕೆಲಸದ ಮೇಲ್ ನೋಡಬೇಡ. ದಿನಕ್ಕೆ ಎರಡು ಅರ್ಜಿ ಸಾಕು, ಇಪ್ಪತ್ತು ಬೇಡ. ಸಣ್ಣದಾದರೂ ಸರಿ, ಮನೆಯಿಂದ ಹೊರಗೆ ಒಂದು ಕೆಲಸ ಹಿಡಿ.

ಹಳೆಯ ವಿದ್ಯಾರ್ಥಿಗಳ ಸಂಘದವರಿಗೂ ಒಂದು ಮಾತು ಹೇಳಿದೆ. ನೂರು ಮಕ್ಕಳಿಗೆ ಒಂದು ದೊಡ್ಡ ಸಭೆ ಮಾಡುವ ಬದಲು ಒಬ್ಬೊಬ್ಬರು ಮೂರು ಮಕ್ಕಳನ್ನು ಹಂಚಿಕೊಳ್ಳಿ. ವಾರಕ್ಕೊಮ್ಮೆ ಹತ್ತು ನಿಮಿಷ ಫೋನ್ ಮಾಡಿ. 'ಕೆಲಸ ಸಿಕ್ತಾ' ಅಂತ ಮೊದಲು ಕೇಳಬೇಡಿ. ಕೆಲಸ ಕೊಡಿಸಲು ಆಗದಿದ್ದರೆ ಆಗಲ್ಲ ಅಂತ ಸ್ಪಷ್ಟವಾಗಿ ಹೇಳಿ, 'ನೋಡೋಣ' ಅಂದು ಆಸೆ ಹುಟ್ಟಿಸಬೇಡಿ. ನೀವು ಗೆದ್ದದ್ದು ಮಕ್ಕಳಿಗೆ ಗೊತ್ತಿದೆ. ಗೆಲ್ಲುವ ಮುಂಚೆ ಹೇಗೆ ದಿನ ದೂಡಿದಿರಿ ಅನ್ನೋದು ಅವರಿಗೆ ಬೇಕಾಗಿದೆ. ಅಳುವ, ಊಟ ಬಿಟ್ಟ, ಸಾವಿನ ಮಾತಾಡುವ ಮಗು ಕಂಡರೆ ನೀವೇ ಸಂಭಾಳಿಸಲು ಹೋಗದೆ ನಮ್ಮಂಥವರಿಗೆ ತಿಳಿಸಿ. ಆರು ಜನ ಒಪ್ಪಿದರು. ನನಗೆ ಅದೇ ದೊಡ್ಡದು.

ಜೂನ್‌ನಲ್ಲಿ ಹುಡುಗ ಊರಿನ ಬೀಜ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದ. ಆರು ತಾಸು ನಿದ್ದೆ ಬರುತ್ತಿತ್ತು. ಓದಿಗೆ ತಕ್ಕ ಕೆಲಸ ಇನ್ನೂ ಸಿಕ್ಕಿರಲಿಲ್ಲ. ಸೀನಿಯರ್ ಪ್ರತಿ ಭಾನುವಾರ ಮಾತಾಡುತ್ತಿದ್ದರು. ನಾನು ಐದನೇ ಸಲ ಫೋನ್ ಮಾಡಿದ್ದು ಮಧ್ಯಾಹ್ನ. ಮುಂಗಾರು ಬಿತ್ತನೆಯ ಹೊತ್ತು, ಹಿಂದೆ ಗದ್ದಲ ಕೇಳುತ್ತಿತ್ತು.

"ಗೋವಿನಜೋಳದ ಬೀಜಕ್ಕ ಪಾಳಿ ನಿಂತಾರ ಮೇಡಂ. ಸಂಜಿಗೆ ಮಾಡ್ಲಿ?"