ಹಳೆಯ ಇಂದ್ರಜಾಲ ಕಾಮಿಕ್ಸ್: ಸ್ಥಿತಿಯನ್ನು ಅಳೆಯುವುದು ಹೇಗೆ?

ಪ್ರಶ್ನೆ: ಹೂಡಿಕೆಯೆಂದು 1960ರ ದಶಕದ ಕೆಲವು ಇಂದ್ರಜಾಲ ಕಾಮಿಕ್ಸ್ ಸಂಚಿಕೆಗಳನ್ನು ಕೊಳ್ಳಬೇಕೆಂದಿದ್ದೇನೆ. ಮಾರುವವರು ಎಲ್ಲವನ್ನೂ ‘ಉತ್ತಮ ಸ್ಥಿತಿ’ ಎನ್ನುತ್ತಾರೆ. ನಾನೇ ಪರೀಕ್ಷಿಸುವ ಬಗೆ ಯಾವುದು?
– ಓದುಗರೊಬ್ಬರು, ಹಾಸನ

ಉತ್ತರ: ಮುಖಪುಟದ ಹೊಳಪಿಗೆ ಮಾರುಹೋಗದೆ, ಮೊದಲು ಪುಸ್ತಕವನ್ನು ನಡುವಿಗೆ ತೆರೆದು ಪಿನ್ನುಗಳನ್ನು ನೋಡಿರಿ. ನಮ್ಮ ಮಳೆಗಾಲದ ತೇವಕ್ಕೆ ಪಿನ್ನು ತುಕ್ಕು ಹಿಡಿದು ಸುತ್ತಲಿನ ಕಾಗದವನ್ನು ತಿನ್ನುವುದರಿಂದ, ನಡುವಿನ ಹಾಳೆಯೇ ಮೊದಲು ಕಳಚಿಕೊಳ್ಳುತ್ತದೆ. ಆದ್ದರಿಂದ ಪುಟಗಳನ್ನು ಎಣಿಸದೆ ಹಣ ಕೊಡಬೇಡಿರಿ.

1964ರಲ್ಲಿ ಆರಂಭವಾದ ಈ ಮಾಲಿಕೆಯನ್ನು ಓದುಗರು ವರ್ಷಗಟ್ಟಲೆ ಒಟ್ಟುಗೂಡಿಸಿ ಬೈಂಡ್ ಮಾಡಿಸಿಟ್ಟದ್ದುಂಟು. ಅಂತಹ ಸಂಪುಟದಿಂದ ಬಿಡಿಸಿದ ಪ್ರತಿಯ ಬೆನ್ನಿನ ಬಳಿ ಹೊಲಿಗೆಯ ತೂತುಗಳಿರುತ್ತವೆ, ಅಂಚುಗಳನ್ನು ಕತ್ತರಿಸಿರುವುದರಿಂದ ಅಳತೆಯೂ ತುಸು ಕಿರಿದಾಗಿರುತ್ತದೆ. ಅಂಚು ನೇರವಾಗಿ, ಅಚ್ಚುಕಟ್ಟಾಗಿ ಕಾಣುವುದರಿಂದ ಹೊಸಬರು ಇದನ್ನೇ ಒಳ್ಳೆಯ ಪ್ರತಿಯೆಂದು ಭ್ರಮಿಸುತ್ತಾರೆ.

ಮಸುಕಾದ ಬೆನ್ನಿಗೆ ಬಣ್ಣ ಹಚ್ಚಿದ್ದರೆ, ಅದು ಮುಖಪುಟದ ಒಳಬದಿಗೆ ಇಂಗಿರುವುದು ಸಾಮಾನ್ಯವಾಗಿ ಕಾಣಿಸುತ್ತದೆ. ಕಾಮಿಕ್ಸ್ ಪ್ರತಿಗಳ ಸ್ಥಿತಿಯನ್ನು ಅಳೆಯುವ ಅಮೆರಿಕದ ಸಿಜಿಸಿ ಸಂಸ್ಥೆಯು 0.5ರಿಂದ 10ರವರೆಗೆ ಅಂಕ ನೀಡುವಾಗ, ಬಣ್ಣ ಹಚ್ಚಿದ ಅಥವಾ ಅಂಚು ಕತ್ತರಿಸಿದ ಪ್ರತಿಗಳಿಗೆ ಸಾಮಾನ್ಯ ಪ್ರತಿಗಳಿಗೆ ಅಂಟಿಸುವ ನೀಲಿ ಚೀಟಿಯನ್ನು ಕೊಡದೆ ಬೇರ್ಪಡಿಸುತ್ತದೆ. ಅಂಟುಪಟ್ಟಿಯ ಹಳದಿ ಕಲೆಯಂತೂ ಹೋಗುವುದು ಕಷ್ಟ. ಬಾಲಕನೊಬ್ಬ ಬರೆದ ಹೆಸರು ನನ್ನ ಕಣ್ಣಿಗೆ ಚೆಂದವೇ, ಬೆಲೆಗೆ ಮಾತ್ರ ಕುಂದು.