ಸಾಣಾಪುರ ಕೆರೆಯ ಪ್ರತಿಬಿಂಬ: ಮೊದಲು ಫಿಲ್ಟರ್ ನೋಡಿ

ಕೊಪ್ಪಳ ಜಿಲ್ಲೆಯ ಸಾಣಾಪುರ ಕೆರೆಯಲ್ಲಿ ತೆಗೆದ ಫೋಟೋದಲ್ಲಿ ಬಂಡೆಗಳ ಪ್ರತಿಬಿಂಬ ಮಸುಕಾಗಿ ಬರುತ್ತಿದೆ, ಪೋಲರೈಸರ್ (ಲೆನ್ಸ್ ಮುಂದೆ ಹಾಕಿ ತಿರುಗಿಸುವ ಫಿಲ್ಟರ್) ಹಾಕಿದರೂ ಅಷ್ಟೇ ಅಂದಿದ್ದೀರಲ್ವಾ? ನನಗೆ ಅನುಮಾನ ಆ ಪೋಲರೈಸರ್ ಮೇಲೆಯೇ. ನೀರಿನ ಹೊಳಪು ತೆಗೆಯೋದು ಅದರ ಕೆಲಸ, ಹೊಳಪಿನ ಜೊತೆ ಪ್ರತಿಬಿಂಬವೂ ಹೋಗುತ್ತದೆ. ಸ್ಕ್ರೀನ್ ನೋಡುತ್ತಾ ನಿಧಾನವಾಗಿ ರಿಂಗ್ ತಿರುಗಿಸಿ, ನೀರಲ್ಲಿ ಬಂಡೆ ಗಾಢವಾಗಿ ಕಂಡ ಕಡೆ ನಿಲ್ಲಿಸಿ, ಇಲ್ಲಾಂದ್ರೆ ಬಿಚ್ಚಿಟ್ಟುಬಿಡಿ. ಫೋಕಸ್ ನೀರಿನ ಮೇಲೆ ಬೇಡ, ಆಚೆ ದಡದ ಬಂಡೆ ಮೇಲಿರಲಿ. ಪ್ರತಿಬಿಂಬದ ದೂರವೂ ಹೆಚ್ಚುಕಡಿಮೆ ಅಷ್ಟೇ. ಹೊತ್ತು ಹುಟ್ಟುವ ಮುಂಚೆ ಅಲ್ಲಿರಿ. ಗಾಳಿ ಎದ್ದರೆ ಕಷ್ಟ, ಹರಿಗೋಲು ಇಳಿದರಂತೂ ಮುಗೀತು. ಇನ್ನು ಫೋಟೋಗೆ ಬಣ್ಣ ಬೇಕು ಅಂತ ಕಾಶ್ಮೀರದ ಚಿನಾರ್ ಮರದ ಥರ ಕೆಂಪು ಎಲೆ ನಮ್ಮ ಕೊಪ್ಪಳದ ಕಡೆ ಹುಡುಕಬೇಡಿ, ಸುಮ್ನೆ ಪೆಟ್ರೋಲ್ ದಂಡ. ಇಲ್ಲಿ ಬಣ್ಣ ಏನಿದ್ದರೂ ಎಳೆಬಿಸಿಲು ಬಿದ್ದ ಬಂಡೆಯಲ್ಲೇ.