ಓದುಗರ ಪ್ರಶ್ನೆ: ಊರಿನ ಚರಿತ್ರೆ ಬರೆಯಲು ಹೊರಟವರಿಗೆ

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಅಳಿಯಂದಿರು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಹಳ್ಳಿ ನೋಡಿ ಬಂದರು. ಅಲ್ಲಿ ಊರಿನ ಚರಿತ್ರೆ ಬರೆದಿಡಲೆಂದೇ ಒಬ್ಬರನ್ನು ನೇಮಿಸುತ್ತಾರಂತೆ. ಬೇಸ್‌ಬಾಲ್ ಆಟ ಹುಟ್ಟಿದ್ದೂ ಅಲ್ಲೇ ಅಂತೆ. ಹೌದೇ?
(ಓದುಗರು, ಕುಷ್ಟಗಿ)

ಉತ್ತರ: ಮೊದಲನೆಯದು ಹೌದು. ನಗರ, ಪಟ್ಟಣ, ಹಳ್ಳಿಗಳಿಗೆಲ್ಲ ಸ್ಥಳೀಯ ಇತಿಹಾಸಕಾರರು ಇರಬೇಕೆಂದು ನ್ಯೂಯಾರ್ಕ್ ರಾಜ್ಯ 1919ರಲ್ಲೇ ಕಾನೂನು ಮಾಡಿತು. ರಸ್ತೆಬದಿಯಲ್ಲಿ ಊರಿನ ಸಂಗತಿ ಹೇಳುವ ನೀಲಿ-ಹಳದಿ ಫಲಕಗಳು 1926ರಿಂದ ಬಂದವು. ನಮ್ಮ ಗ್ರಾಮ ಪಂಚಾಯಿತಿಗಳೂ ಇಂಥದ್ದೊಂದು ಮಾಡಲೇಬೇಕು.

ಎರಡನೆಯದು ಅಲ್ಲ. 1839ರಲ್ಲಿ ಅಬ್ನರ್ ಡಬಲ್‌ಡೇ ಎಂಬವರು ಕೂಪರ್ಸ್‌ಟೌನ್‌ನಲ್ಲಿ ಈ ಆಟ ಕಂಡುಹಿಡಿದರೆಂದು 1907ರಲ್ಲಿ ಒಂದು ಸಮಿತಿ ಹೇಳಿತು. ಅದಕ್ಕಿದ್ದ ಮುಖ್ಯ ಆಧಾರ ವಯಸ್ಸಾದ ಒಬ್ಬರು ನೆನಪಿನಿಂದ ಬರೆದ ಪತ್ರ. ಆದರೆ 1839ರಲ್ಲಿ ಡಬಲ್‌ಡೇ ಕೂಪರ್ಸ್‌ಟೌನ್‌ನಲ್ಲಿರದೆ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ವಿದ್ಯಾರ್ಥಿಯಾಗಿದ್ದರು. ಆದರೂ ಎರಡು ಸಾವಿರ ಜನವಿಲ್ಲದ ಆ ಊರಿನಲ್ಲಿ 1939ರಲ್ಲಿ ಬೇಸ್‌ಬಾಲ್ ವಸ್ತುಸಂಗ್ರಹಾಲಯ ತೆರೆಯಿತು, ಇಂದಿಗೂ ಜನ ಹೋಗುತ್ತಾರೆ. ಕಥೆ ಒಮ್ಮೆ ಅಚ್ಚಾದರೆ ಅಳಿಸುವುದು ಬಹಳ ಕಷ್ಟ.

ಪ್ರಶ್ನೆ: ಜಾತ್ರೆಗೆ ನಮ್ಮೂರ ಚರಿತ್ರೆಯ ಪುಸ್ತಕ ತರಬೇಕೆಂದಿದ್ದೇವೆ. ಅಗಸಿ ಹತ್ತಿರ ಒಂದು ಶಾಸನದ ಕಲ್ಲು, ಎರಡು ವೀರಗಲ್ಲು ಇವೆ. ಹಿರಿಯರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಲ್ಲಿಂದ ಶುರು ಮಾಡಬೇಕು?
(ಯುವಕ ಮಂಡಳಿ, ಯಲಬುರ್ಗಾ ತಾಲೂಕು)

ಉತ್ತರ: ಕಲ್ಲಿನಿಂದ ಶುರು ಮಾಡಿ. ನಿಮ್ಮ ಶಾಸನವನ್ನು ಈಗಾಗಲೇ ಯಾರಾದರೂ ಓದಿರಬಹುದು. ಹಂಪಿ ಕನ್ನಡ ವಿಶ್ವವಿದ್ಯಾಲಯ ತಂದಿರುವ ಕೊಪ್ಪಳ ಜಿಲ್ಲೆಯ ಶಾಸನ ಸಂಪುಟದಲ್ಲಿ ಊರ ಹೆಸರು ಹುಡುಕಿ.

ಸಿಗದಿದ್ದರೆ ಫೋಟೋ ತೆಗೆಯಿರಿ. ಬರೀ ನೀರು, ಮೆತ್ತನೆ ಬ್ರಷ್‌ನಿಂದ ಮಣ್ಣು ತೊಳೆದು ಒಣಗಲು ಬಿಡಿ. ತಂತಿ ಬ್ರಷ್ ಬೇಡ. ಅಕ್ಷರ ಕಾಣಲೆಂದು ಸುಣ್ಣ, ಅರಿಸಿನ, ಎಣ್ಣೆ ಬಳಿಯಬೇಡಿ. ಬಿಸಿಲು ಕಲ್ಲಿನ ಮುಖಕ್ಕೆ ನೇರವಾಗಿ ಬಿದ್ದರೆ ಅಕ್ಷರ ಚಪ್ಪಟೆಯಾಗಿ ಕಾಣುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿದು ಅಡ್ಡಬೆಳಕು ಬಿಟ್ಟರೆ ಗೀರಿದ ಗೆರೆಯೊಳಗೆ ನೆರಳು ಕೂತು, ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಎಡದಿಂದ, ಬಲದಿಂದ, ಮೇಲಿನಿಂದ ಬೆಳಕು ಬಿಟ್ಟು ಬೇರೆ ಬೇರೆ ಫೋಟೋ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇರಲಿ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗಪೂಜೆ ಇರುತ್ತದೆ. ಬರಹವಿದ್ದರೆ ಈ ಹಂತಗಳ ನಡುವಿನ ಪಟ್ಟಿಯಲ್ಲಿ ನೋಡಿ.

ಶಕ ವರ್ಷ ಸಿಕ್ಕರೆ 78 ಕೂಡಿಸಿ. ಇಟಗಿಯ ಮಹಾದೇವ ದೇವಾಲಯದ ಶಕ 1034 ಎಂದರೆ ಕ್ರಿ.ಶ. 1112. ಪುಷ್ಯ, ಮಾಘ, ಫಾಲ್ಗುಣದ ತಿಥಿಯಾದರೆ 79 ಕೂಡಿಸಬೇಕಾಗಬಹುದು.

ಆಮೇಲೆ ಕಾಗದ. ನಮ್ಮ ಕೊಪ್ಪಳ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಹಳೆಯ ಕಂದಾಯ ಕಾಗದಗಳು ಹೆಚ್ಚಾಗಿ ಉರ್ದುವಿನಲ್ಲಿವೆ. ಓದಬಲ್ಲ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ತಹಶೀಲ್ದಾರ್ ಕಚೇರಿಯಲ್ಲಿ 1954-55ರ ಖಾಸರಾ ಪಹಣಿ (ಹೊಲವಾರು ಜಮೀನು ದಾಖಲೆ) ಕೇಳಿ. ಹೊಲಗಳ, ಇನಾಂ ಜಮೀನಿನ ಸುಳಿವು ಅದರಲ್ಲಿದೆ. ಹಳೆಯ ಕಾಗದಗಳಲ್ಲಿ ಕಾಣುವ ಫಸಲಿ ವರ್ಷಕ್ಕೆ (ಕಂದಾಯ ಲೆಕ್ಕದ ವರ್ಷ) 590 ಕೂಡಿಸಿ: ಫಸಲಿ 1310 ಎಂದರೆ 1900-01. ಇದನ್ನು ಇಸ್ಲಾಮಿಕ್ ಪಂಚಾಂಗದ ಹಿಜರಿ ವರ್ಷ ಎಂದು ತಿಳಿದು ಲೆಕ್ಕ ಹಾಕಿದರೆ ಏಳೆಂಟು ವರ್ಷ ತಪ್ಪುತ್ತದೆ.

ಹಿರಿಯರಿಗೆ ಇಸವಿ ಕೇಳಬೇಡಿ. “ರಜಾಕಾರರ ಹಾವಳಿಯಾದಾಗ ನಿಮಗೆ ಎಷ್ಟು ವಯಸ್ಸು, ತುಂಗಭದ್ರಾ ಡ್ಯಾಂ ಕಟ್ಟುವಾಗ ಮದುವೆಯಾಗಿತ್ತೇ?” ಎಂದು ಕೇಳಿ. ಗೌಡರ ಮನೆಗಷ್ಟೇ ಹೋದರೆ ಅರ್ಧ ಊರಿನ ಚರಿತ್ರೆ ಬಿಟ್ಟುಹೋಗುತ್ತದೆ. ಎಲ್ಲ ಕೇರಿಗೂ ಹೋಗಿ, ಬೀಸುವ ಪದ ಬಲ್ಲ ಅಜ್ಜಿಯರನ್ನೂ ಮಾತನಾಡಿಸಿ. ಹೇಳಿದವರ ಹೆಸರು, ವಯಸ್ಸು, ತಾರೀಖು ಬರೆದುಕೊಳ್ಳಿ.

ಕಥೆಗಳನ್ನು ಬಿಡಬೇಡಿ, ಆದರೆ ಬೇರೆ ಅಧ್ಯಾಯದಲ್ಲಿ ಹಾಕಿ. ಹಿರೇಬೆಣಕಲ್ಲಿನ ಕಲ್ಮನೆಗಳನ್ನು ಜನ ಮೋರ್ಯರ ಮನೆ ಎನ್ನುತ್ತಾರೆ, ಕುಳ್ಳರು ವಾಸವಿದ್ದರೆನ್ನುತ್ತಾರೆ. ಅವು ಬೃಹತ್ ಶಿಲಾಯುಗದ ಸಮಾಧಿ, ಸ್ಮಾರಕಗಳು. ಎರಡನ್ನೂ ಬರೆದರೆ ಊರಿನ ಹೆಮ್ಮೆಗೇನೂ ಕೊರತೆಯಾಗದು.

ಪ್ರಶ್ನೆ: ನಮ್ಮೂರ ವೀರಗಲ್ಲಿಗೆ ಆಯಿಲ್ ಪೇಂಟ್ ಹೊಡೆದಿದ್ದಾರೆ. ತೆಗೆಯುವುದು ಹೇಗೆ?
(ಓದುಗರು, ಸಿರುಗುಪ್ಪ)

ಉತ್ತರ: ನೀವೇ ತೆಗೆಯಬೇಡಿ. ಕೆರೆದರೆ ಪೇಂಟಿನ ಜೊತೆ ಅಕ್ಷರದ ಅಂಚೂ ಹೋಗುತ್ತದೆ, ಆಸಿಡ್ ಹಾಕಿದರೆ ಕಲ್ಲು ಕೆಡುತ್ತದೆ. ಪಂಚಾಯಿತಿಯಿಂದ ರಾಜ್ಯ ಪುರಾತತ್ವ ಇಲಾಖೆಗೆ ಫೋಟೋ ಸಮೇತ ಅರ್ಜಿ ಕೊಡಿಸಿ. ಅವರು ಬರುವ ತನಕ ಕಲ್ಲನ್ನು ಇದ್ದಲ್ಲಿಂದ ಕದಲಿಸಬೇಡಿ, ಮುಂದಿನ ಹಬ್ಬಕ್ಕೆ ಮತ್ತೊಂದು ಕೋಟ್ ಬೀಳದಂತೆ ಪೂಜಾರಿಯವರಿಗೂ ಹೇಳಿಡಿ.